‘ದುರ್ಬಲಗೊಂಡಿದೆ’ ಎಂದ ಮೇಲೂ ಮಳೆ ಏಕೆ ಬಂತು?
ಎಂಟನೆಯ ತರಗತಿಯಲ್ಲಿ ಚೀಟಿಗಳಿಂದ ಕಟ್ಟಿದ ಚಂಡಮಾರುತದ ಮಾದರಿ: ಒಂದು ಪಾಠಾನುಭವ

ಹಿನ್ನೆಲೆ

ಬೋಧನಾಭ್ಯಾಸಕ್ಕೆಂದು ನನ್ನನ್ನು ನಿಯೋಜಿಸಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕೆಂಕೆರೆಯ ಪ್ರೌಢಶಾಲೆಗೆ. ತರಗತಿ ಎಂಟು, ವಿಷಯ ಸಮಾಜ ವಿಜ್ಞಾನ, ಘಟಕ ವಾಯುಗೋಳ, ಉಪಘಟಕ ಆವರ್ತ ಮಾರುತಗಳು. ಕಾಲ 2024ರ ಡಿಸೆಂಬರ್ ಮೊದಲ ವಾರ. ಫೆಂಗಲ್ ಚಂಡಮಾರುತ ಪುದುಚೇರಿ ಬಳಿ ದಡ ಸೇರಿ ನಾಲ್ಕೈದು ದಿನವಾಗಿತ್ತಷ್ಟೆ. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು ಎಂದುಕೊಂಡು ಉತ್ಸಾಹದಿಂದಲೇ ಪಾಠ ಯೋಜನೆ ಬರೆದೆ. ಆದರೆ ಆ ಪಾಠದಲ್ಲಿ ನಾನು ಒಂದು ತಪ್ಪು ಉತ್ತರ ಕೊಟ್ಟೆ. ಅದನ್ನು ತಿದ್ದಲು ಮಾಡಿದ ಎರಡನೆಯ ಪಾಠವೇ ಈ ಲೇಖನದ ವಿಷಯ.

ಮೊದಲ ಪಾಠ ಮತ್ತು ಒಂದು ಪ್ರಶ್ನೆ

ಮೊದಲ ಪಾಠದ ಕಲಿಕಾಫಲ ಹೀಗಿತ್ತು: ಉಷ್ಣವಲಯದ ಆವರ್ತ ಮಾರುತಕ್ಕೂ ಸಮಶೀತೋಷ್ಣ ವಲಯದ ಆವರ್ತ ಮಾರುತಕ್ಕೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳು ತಿಳಿಸುವರು. ಕಪ್ಪುಹಲಗೆಯ ನಡುವೆ ಗೆರೆ ಎಳೆದು ಎರಡು ಕಾಲಂ ಮಾಡಿದೆ. ಎಡಕ್ಕೆ ಉಷ್ಣವಲಯದ್ದು: ಬೆಚ್ಚಗಿನ ಸಮುದ್ರದ ಮೇಲೆ ಹುಟ್ಟುತ್ತದೆ, ನೀರಾವಿ ಮೋಡವಾಗುವಾಗ ಬಿಡುಗಡೆಯಾಗುವ ಶಾಖವೇ ಅದರ ಶಕ್ತಿ, ಒಳಭಾಗ ಬೆಚ್ಚಗಿರುತ್ತದೆ, ಆಕಾರ ದುಂಡಗೆ, ಭೂಮಿಗೆ ಬಂದರೆ ನಾಶ. ಬಲಕ್ಕೆ ಸಮಶೀತೋಷ್ಣ ವಲಯದ್ದು: ತಂಪು ಗಾಳಿಯೂ ಬಿಸಿ ಗಾಳಿಯೂ ಸಂಧಿಸುವ ಕಡೆ ಹುಟ್ಟುತ್ತದೆ, ಆ ತಾಪದ ವ್ಯತ್ಯಾಸವೇ ಶಕ್ತಿ, ಒಳಭಾಗ ತಂಪು, ಆಕಾರ ಒಂದು ಕಡೆಗೆ ವಾಲಿದಂತೆ, ಭೂಮಿಯ ಮೇಲೂ ಬಲಗೊಳ್ಳಬಲ್ಲದು.

ಮಕ್ಕಳು ಬರೆದುಕೊಂಡರು. ಪುನರಾವರ್ತನೆಯ ಪ್ರಶ್ನೆಗಳಿಗೂ ಚೆನ್ನಾಗಿಯೇ ಉತ್ತರಿಸಿದರು. ಗಂಟೆ ಹೊಡೆಯಲು ಐದು ನಿಮಿಷ ಇದ್ದಾಗ ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು.

“ಮಿಸ್, ಶನಿವಾರ ರಾತ್ರಿ ದಡಕ್ಕೆ ಬಂತು, ಆಮೇಲೆ ದುರ್ಬಲ ಆಯ್ತು ಅಂತ ಟೀವೀಲಿ ಹೇಳಿದ್ರು. ಇನ್ನೇನಿಲ್ಲ ಅಂತ ನಮ್ಮಪ್ಪ ಭಾನುವಾರ ರಾಗಿ ಕುಯ್ಸಿದ್ರು. ಸೋಮವಾರ ಎಲ್ಲಾ ನೆನೆದೋಯ್ತು. ಭೂಮಿಗೆ ಬಂದರೆ ನಾಶ ಅಂತ ಬರ್ಸಿದೀರಲ್ಲ, ನಾಶ ಆಗಿದ್ದು ನಮ್ಮೂರಿಗೆ ಹೆಂಗೆ ಬಂತು?”

ನಾನು ಯೋಚಿಸದೆ, “ಅದು ಬೇರೆ ಮಳೆ ಇರಬೇಕಮ್ಮ” ಎಂದೆ. ಅವಳು ಕೂತಳು. ಆದರೆ ಒಪ್ಪಿದ ಮುಖ ಅದಲ್ಲ.

ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮಾರ್ಗದರ್ಶಿ ಶಿಕ್ಷಕರು ವೀಕ್ಷಣಾ ಹಾಳೆಯಲ್ಲಿ ಕಪ್ಪುಹಲಗೆ ಬಳಕೆಗೂ ಧ್ವನಿಗೂ ಒಳ್ಳೆಯ ಮಾತು ಬರೆದಿದ್ದರು. ಕೊನೆಯಲ್ಲಿ ಒಂದೇ ಸಾಲು: “ಪಟ್ಟಿ ಸರಿ. ಪ್ರಶ್ನೆಗೆ ಉತ್ತರ ಸರಿಯಲ್ಲ. ಪಟ್ಟಿಯನ್ನು ಉಳಿಸಿಕೊಳ್ಳಲು ಮಳೆಯನ್ನೇ ಬೇರೆ ಮಾಡಿದ್ದೀರಿ.”

ನಾನು ತಿಳಿದುಕೊಂಡದ್ದು

ಆ ಸಂಜೆಯಿಂದ ಓದಲು ಶುರುಮಾಡಿದೆ. ಫೆಂಗಲ್ ನವೆಂಬರ್ 30ರ ರಾತ್ರಿ ದಡ ದಾಟಿ, ಪುದುಚೇರಿಯ ಸುತ್ತಲೇ ಹಲವು ಗಂಟೆ ಹೆಚ್ಚುಕಡಿಮೆ ನಿಂತೇಬಿಟ್ಟಿತ್ತು. ಅಲ್ಲಿ ಒಂದೇ ದಿನದಲ್ಲಿ 45 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಡಿಸೆಂಬರ್ 1ರಂದು ಅದು ಚಂಡಮಾರುತದ ದರ್ಜೆಯಿಂದ ಇಳಿದು ವಾಯುಭಾರ ಕುಸಿತವಾಯಿತು. ಹೀಗೆ ‘ದುರ್ಬಲ’ವಾದ ಮೇಲೆ, ನಮ್ಮ ರಾಜ್ಯದ ಗಡಿಗೆ ತಾಗಿದ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈನಲ್ಲಿ ಡಿಸೆಂಬರ್ 2ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ 50 ಸೆಂಟಿಮೀಟರ್ ಮಳೆಯಾಯಿತು. ಉಳಿದ ಕಡಿಮೆ ಒತ್ತಡದ ಭಾಗ ದಕ್ಷಿಣ ಒಳನಾಡಿಗೆ ಮಳೆ ತಂದು, ಡಿಸೆಂಬರ್ 3ರಂದು ಅರಬ್ಬಿ ಸಮುದ್ರಕ್ಕೆ ಇಳಿಯಿತು. ಹುಡುಗಿಯ ರಾಗಿ ನೆನೆದದ್ದು ‘ಬೇರೆ ಮಳೆ’ಯಲ್ಲಿ ಅಲ್ಲ.

ಹಾಗಾದರೆ ‘ದುರ್ಬಲ’ ಎಂದದ್ದು ಸುಳ್ಳೇ? ಅಲ್ಲ. ಹವಾಮಾನ ಇಲಾಖೆಯ ದರ್ಜೆಗಳು ಗಾಳಿಯ ವೇಗಕ್ಕೆ ಸಂಬಂಧಿಸಿದವು. ಗಂಟೆಗೆ 31ರಿಂದ 49 ಕಿ.ಮೀ. ಇದ್ದರೆ ವಾಯುಭಾರ ಕುಸಿತ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ, 62 ಮುಟ್ಟಿದರೆ ಚಂಡಮಾರುತ. ದುರ್ಬಲವಾಗಿದ್ದು ಗಾಳಿ. ರಾಗಿಯನ್ನು ಕೆಡಿಸಿದ್ದು ನೀರು. ಒಳನಾಡಿಗೆ ಮಳೆಯ ಮುನ್ಸೂಚನೆಯೂ ಇತ್ತು. ಆದರೆ ಮನೆಯಲ್ಲಿ ಕಿವಿಗೆ ಬಿದ್ದು ಉಳಿದದ್ದು ‘ದುರ್ಬಲ’ ಎಂಬ ಒಂದು ಪದ.

ಇನ್ನೂ ಓದಿದಾಗ, ನನ್ನ ಎರಡು ಕಾಲಮ್ಮಿನ ನಡುವಿನ ಗೆರೆಯೂ ಅಷ್ಟು ಗಟ್ಟಿಯಲ್ಲ ಎಂದು ತಿಳಿಯಿತು. ಎಡಗಡೆಯ ಚಂಡಮಾರುತ ಕೆಲವೊಮ್ಮೆ ಗೆರೆ ದಾಟಿ ಬಲಗಡೆಯದಾಗುತ್ತದೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಹುಟ್ಟುವವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೀಗೆ ರೂಪಾಂತರ ಹೊಂದುತ್ತವೆ. ಉತ್ತರಕ್ಕೆ ಸಾಗಿದ ಹಾಗೆ ಕೆಳಗಿನ ಸಮುದ್ರ ತಣ್ಣಗಾಗುತ್ತದೆ, ಹಳೆಯ ಶಕ್ತಿ ಕಡಿಮೆಯಾಗುತ್ತದೆ. ಅಷ್ಟರಲ್ಲಿ ಮೇಲ್ಮಟ್ಟದ ಪಶ್ಚಿಮ ಮಾರುತಗಳಲ್ಲಿ ಸಾಗುತ್ತಿರುವ ತಂಪು ಗಾಳಿಯ ಅಲೆಯೊಂದು ಸಿಕ್ಕಿದರೆ, ತಾಪದ ವ್ಯತ್ಯಾಸ ಹೊಸ ಶಕ್ತಿಯಾಗುತ್ತದೆ. ದುಂಡಗಿದ್ದದ್ದು ವಾಲುತ್ತದೆ, ಬೆಚ್ಚಗಿದ್ದ ಒಳಭಾಗ ತಂಪಾಗುತ್ತದೆ, ಜೋರು ಗಾಳಿ ಕೇಂದ್ರದಿಂದ ದೂರದೂರಕ್ಕೆ ಹರಡುತ್ತದೆ.

2012ರ ಅಕ್ಟೋಬರ್ 29ರಂದು ಅಮೆರಿಕದ ನ್ಯೂಜೆರ್ಸಿಗೆ ಅಪ್ಪಳಿಸಿದ ಸ್ಯಾಂಡಿ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ದಡ ಮುಟ್ಟುವುದಕ್ಕೆ ಸ್ವಲ್ಪ ಮುಂಚೆ ಅದು ‘ಉಷ್ಣವಲಯೋತ್ತರ’ ಆಯಿತೆಂದು ಘೋಷಿಸಲಾಯಿತು. ಅದು ಹೀಗೆ ರೂಪ ಬದಲಿಸುತ್ತದೆಂದು ಮೊದಲೇ ಲೆಕ್ಕ ಹಾಕಿದ್ದರಿಂದ, ಆಗಿನ ನಿಯಮದ ಪ್ರಕಾರ ನ್ಯೂಜೆರ್ಸಿ ಕರಾವಳಿಗೆ ಹರಿಕೇನ್ ಎಚ್ಚರಿಕೆ ಕೊಡಲಿಲ್ಲ, ಬೇರೆ ಹೆಸರಿನ ಎಚ್ಚರಿಕೆಗಳನ್ನು ಕೊಟ್ಟರು. ಅಮೆರಿಕದಲ್ಲೇ ನೇರವಾಗಿ 72 ಜನ ಸತ್ತರು. ಟೀಕೆ ಬಂದ ಮೇಲೆ 2013ರಲ್ಲಿ ನಿಯಮ ಬದಲಾಯಿಸಿ, ರೂಪಾಂತರವಾದ ಮೇಲೂ ಹರಿಕೇನ್ ಎಚ್ಚರಿಕೆಯನ್ನು ಮುಂದುವರಿಸಬಹುದು ಎಂದು ಮಾಡಿದರು. ಕೆಂಕೆರೆಯ ಹುಡುಗಿ ಕೇಳಿದ ಪ್ರಶ್ನೆಗೂ ಈ ನಿಯಮ ಬದಲಾವಣೆಗೂ ಮೂಲ ಒಂದೇ: ಹೆಸರು ಬದಲಾದದ್ದನ್ನು ಅಪಾಯ ಮುಗಿದದ್ದೆಂದು ತಿಳಿಯುವುದು.

ಎರಡನೆಯ ಪಾಠದ ಯೋಜನೆ

ಮಾರ್ಗದರ್ಶಿ ಶಿಕ್ಷಕರ ಒಪ್ಪಿಗೆಯಿಂದ ಇನ್ನೊಂದು ಅವಧಿ ಪಡೆದೆ. ಈ ಸಲದ ಕಲಿಕಾಫಲ: ಚಂಡಮಾರುತದ ಗಾಳಿ, ಅದು ಹೊತ್ತ ನೀರು, ಅದರ ಶಕ್ತಿಯ ಮೂಲ ಈ ಮೂರನ್ನೂ ಬೇರೆಬೇರೆಯಾಗಿ ಲೆಕ್ಕಹಾಕಿ, ಅದರ ಮುಂದಿನ ಗತಿಯನ್ನು ವಿದ್ಯಾರ್ಥಿಗಳು ಊಹಿಸುವರು. ಬೋಧನೋಪಕರಣ: ಹಳೆಯ ನೋಟ್‌ಬುಕ್ಕಿನ ಹಾಳೆಯ ಚೀಟಿಗಳು, ಬಣ್ಣದ ಸೀಮೆಸುಣ್ಣ, ಒಂದು ಕೈಗಂಟೆ.

ಈ ಯೋಚನೆ ಸಿಕ್ಕಿದ್ದು ಹವಾಮಾನ ಲೆಕ್ಕದ ಚರಿತ್ರೆಯಿಂದಲೇ. ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿ ಯಂತ್ರಗಳು ಬರುವ ಮೊದಲೇ, ಯುರೋಪಿನ ಭೂಪಟವನ್ನು ಚೌಕಗಳಾಗಿ ಮಾಡಿ, 1910ರ ಮೇ 20ರ ಆರು ಗಂಟೆಗಳ ಹವೆಯನ್ನು ಕೈಯಲ್ಲೇ ಲೆಕ್ಕಹಾಕಿದ. ಲೆಕ್ಕದಲ್ಲಿ ಒತ್ತಡ 145 ಹೆಕ್ಟೊಪಾಸ್ಕಲ್ ಏರಿತು. ನಿಜವಾಗಿ ಅಂದು ಒತ್ತಡ ಹೆಚ್ಚುಕಡಿಮೆ ಇದ್ದ ಹಾಗೇ ಇತ್ತು. ಆದರೂ ಅವನು ಆ ತಪ್ಪನ್ನು ಮುಚ್ಚಿಡದೆ 1922ರ ತನ್ನ ಪುಸ್ತಕದಲ್ಲಿ ಪ್ರಕಟಿಸಿದ. ಒಂದು ದೊಡ್ಡ ಸಭಾಂಗಣದಲ್ಲಿ 64,000 ಜನ ಕುಳಿತು, ಒಬ್ಬೊಬ್ಬರು ತಮ್ಮ ಪಾಲಿನ ಲೆಕ್ಕ ಮಾಡಿ ಪಕ್ಕದವರಿಗೆ ದಾಟಿಸುವ ಚಿತ್ರವನ್ನೂ ಅದರಲ್ಲಿ ಬರೆದ. ಇಂದಿನ ಗಣಕಯಂತ್ರಗಳು ಮಾಡುವುದು ಮೂಲದಲ್ಲಿ ಅದನ್ನೇ. ನನ್ನ ಬಳಿ 64,000 ಜನ ಇರಲಿಲ್ಲ. ಎಂಟೆಂಟು ಮಕ್ಕಳ ನಾಲ್ಕು ಸಾಲುಗಳಿದ್ದವು. ಅಷ್ಟು ಸಾಕಾಯಿತು.

ಆಟದ ನಿಯಮ

ಪ್ರತಿ ಸಾಲಿನಲ್ಲಿ 1 ಮತ್ತು 2ನೆಯ ಮಗು ಸಮುದ್ರ (ನೀಲಿ ಗುರುತು), 3ರಿಂದ 8ರವರೆಗೆ ಭೂಮಿ. 3ನೆಯ ಮಗು ಪುದುಚೇರಿ, 6ನೆಯದು ಕೆಂಕೆರೆ. 1ನೆಯ ಮಗುವಿಗೆ ಎರಡು ಚೀಟಿ ಕೊಡುತ್ತೇನೆ. ಒಂದರ ಹೆಸರು ‘ಕುಳಿ’, ಅಂದರೆ ಸುತ್ತಲಿಗಿಂತ ಒತ್ತಡ ಎಷ್ಟು ಕಡಿಮೆ ಎಂಬುದು. ಕುಳಿ ಆಳವಿದ್ದಷ್ಟೂ ಗಾಳಿ ಜೋರು. ಇನ್ನೊಂದು ‘ನೀರು’, ಬಿಂದಿಗೆ ಲೆಕ್ಕದಲ್ಲಿ. ಪ್ರತಿ ಗಂಟೆಗೆ ಮಗು ತನ್ನ ಲೆಕ್ಕ ಮಾಡಿ ಚೀಟಿಗಳನ್ನು ಪಶ್ಚಿಮದ, ಅಂದರೆ ಮುಂದಿನ ಮಗುವಿಗೆ ದಾಟಿಸಬೇಕು.

ಸಮುದ್ರದ ಮಗು ಕುಳಿಗೆ 2, ನೀರಿಗೆ 10 ಕೂಡಿಸಬೇಕು. ಭೂಮಿಯ ಮಗು ಕುಳಿಯನ್ನು ಅರ್ಧ ಮಾಡಬೇಕು, ನೀರಿನಲ್ಲಿ ಕಾಲುಭಾಗವನ್ನು ತನ್ನ ಊರಿಗೆ ಮಳೆಯೆಂದು ಬರೆದುಕೊಂಡು ಉಳಿದದ್ದನ್ನು ದಾಟಿಸಬೇಕು. ಅರ್ಧ, ಕಾಲು ಮಾಡುವಾಗ ಬರುವ ಭಿನ್ನರಾಶಿಯನ್ನು ಬಿಟ್ಟುಬಿಡಬಹುದು.

ತರಗತಿಯಲ್ಲಿ ನಡೆದದ್ದು

ಶುರುವಿನಲ್ಲೇ, “ಹೋದ ಪಾಠದಲ್ಲಿ ನಾನು ಹೇಳಿದ ಉತ್ತರ ತಪ್ಪು. ಇವತ್ತು ನೀವೇ ಲೆಕ್ಕ ಮಾಡಿ ಸರಿ ಉತ್ತರ ಹೇಳಿ” ಎಂದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಮಕ್ಕಳು ಮುಂಚಿಗಿಂತ ಹತ್ತಿರ ಬಂದಂತೆ ನನಗನಿಸಿತು.

ಮೊದಲ ಸುತ್ತು. ಎರಡನೆಯ ಸಾಲು ಕುಳಿ 4, ನೀರು 40ರಿಂದ ಆರಂಭಿಸಿತು. ಸಮುದ್ರದಲ್ಲಿ ಕುಳಿ 6, ಆಮೇಲೆ 8 ಆಯಿತು. ಭೂಮಿ ಮುಟ್ಟಿದ ಮೇಲೆ 4, 2, 1. ಆರನೆಯ ಮಗುವಿಗೆ ಬಂದಾಗ 0. ನೀರು 50, 60 ಆಗಿ, ಭೂಮಿಯ ಮೇಲೆ 15, 11, 8 ಬಿಂದಿಗೆ ಸುರಿದು, ಆರನೆಯ ಮಗುವಿನಲ್ಲಿ 6 ಬಿಂದಿಗೆ ಮಳೆಯಾಯಿತು. ಇನ್ನೂ 20 ಬಿಂದಿಗೆ ಮುಂದಕ್ಕೆ ಹೋಯಿತು. ಆ ಆರನೆಯ ಜಾಗದಲ್ಲಿ ಕೂತಿದ್ದವಳು ಪ್ರಶ್ನೆ ಕೇಳಿದ ಹುಡುಗಿಯೇ. ಎರಡೂ ಚೀಟಿಯನ್ನು ಮೇಲೆತ್ತಿ ತೋರಿಸಿ, “ಕುಳಿ ಸೊನ್ನೆ, ಮಳೆ ಆರು! ಗಾಳಿ ಸತ್ತಿದೆ ಮಿಸ್, ನೀರು ಸತ್ತಿಲ್ಲ” ಎಂದಳು. ನಾನು ಹೇಳಬೇಕೆಂದು ಬರೆದುಕೊಂಡಿದ್ದ ವಾಕ್ಯಕ್ಕಿಂತ ಅದು ಚೆನ್ನಾಗಿತ್ತು. ಅದನ್ನೇ ಕಪ್ಪುಹಲಗೆಯ ಮೇಲೆ ಬರೆದೆ.

ಊತ್ತಂಗರೈನ 50 ಸೆಂಟಿಮೀಟರ್ ಮಳೆಯನ್ನು ಹಲಗೆಯ ಮೇಲೆ ಬರೆದಾಗ ಒಬ್ಬ ಹುಡುಗ ಆಕ್ಷೇಪ ಎತ್ತಿದ. “ನಮ್ಮ ಲೆಕ್ಕದಲ್ಲಿ ದಡದಲ್ಲೇ ಜಾಸ್ತಿ ಮಳೆ, ಒಳಗೆ ಹೋದ ಹಾಗೆ ಕಡಿಮೆ. ಇಲ್ಲಿ ಒಳಗೂ ಅಷ್ಟೇ ಬಂದಿದೆಯಲ್ಲ?” ಮಾದರಿ ತಪ್ಪಿದ್ದೆಲ್ಲಿ ಎಂದು ತರಗತಿಗೇ ಕೇಳಿದೆ. “ಚೀಟಿ ಬೇಗ ಬೇಗ ದಾಟಿಸ್ತಾ ಇದೀವಿ. ಒಬ್ಬರ ಹತ್ರಾನೇ ಎರಡು ಗಂಟೆ ನಿಂತರೆ?” ಎಂದು ಇನ್ನೊಬ್ಬ ಹೇಳಿದ. ನಿಲ್ಲಿಸಿ ನೋಡಿದೆವು. ನಿಂತ ಕಡೆ ಮಳೆ ದುಪ್ಪಟ್ಟಿನ ಹತ್ತಿರ ಬಂತು. ನಿಜವಾದ ಮಾದರಿಗಳಲ್ಲೂ ಚಂಡಮಾರುತ ಎಷ್ಟು ನಿಧಾನ ಸಾಗುತ್ತದೆ, ಸಮುದ್ರದ ನೀರಾವಿ ಇನ್ನೂ ಒಳಕ್ಕೆ ಹರಿದು ಬರುತ್ತಿದೆಯೇ, ಬೆಟ್ಟಗಳು ಎಲ್ಲಿವೆ ಎಂಬುದನ್ನೆಲ್ಲ ಸೇರಿಸಬೇಕಾಗುತ್ತದೆ ಎಂದು ವಿವರಿಸಿದೆ. ಮಾದರಿ ತಪ್ಪಿದಾಗ ಯಾವ ನಿಯಮ ಬಿಟ್ಟುಹೋಗಿದೆ ಎಂದು ಹುಡುಕುವುದನ್ನು ಮಕ್ಕಳು ಇಲ್ಲಿ ತಾವೇ ಮಾಡಿದರು.

ಎರಡನೆಯ ಸುತ್ತು. ಆರಂಭದ ನೀರು ಎಷ್ಟೆಂದು ಸಮುದ್ರದ ಮೇಲೆ ಸರಿಯಾಗಿ ಅಳೆಯಲಾಗದು ಎಂದು ಹೇಳಿ, ನಾಲ್ಕು ಸಾಲಿಗೂ ಬೇರೆಬೇರೆ ಕೊಟ್ಟೆ: 32, 40, 48, 56. ನಿಯಮ ಎಲ್ಲರಿಗೂ ಒಂದೇ. ಕೆಂಕೆರೆಯ ಮಳೆ ಕ್ರಮವಾಗಿ 5, 6, 7, 8 ಬಿಂದಿಗೆ ಬಂತು. “ಯಾವುದು ಸರಿ ಮಿಸ್?” ಎಂದರು. “ರೇಡಿಯೋದವರು ನೀವಾದರೆ ಏನು ಹೇಳುತ್ತೀರಿ?” ಎಂದು ತಿರುಗಿ ಕೇಳಿದೆ. “ಐದರಿಂದ ಎಂಟು ಬಿಂದಿಗೆ ಬರಬಹುದು, ರಾಗಿ ಕುಯ್ಯಬೇಡಿ” ಎಂದು ಹಿಂದಿನ ಸಾಲಿನಿಂದ ಉತ್ತರ ಬಂತು. ಮುನ್ಸೂಚನೆಯಲ್ಲಿ ‘ಸಾಧ್ಯತೆ’ ಎಂಬ ಪದ ಏಕಿರುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ. ಯುರೋಪಿನ ಮುನ್ಸೂಚನಾ ಕೇಂದ್ರವೂ ಹೀಗೆ ಸ್ವಲ್ಪ ಸ್ವಲ್ಪ ಬೇರೆಯಾದ ಆರಂಭಗಳಿಂದ 51 ಸಲ ಲೆಕ್ಕ ಮಾಡುತ್ತದೆ ಎಂದಾಗ ಮಕ್ಕಳು ತಮ್ಮ ನಾಲ್ಕು ಸಾಲುಗಳನ್ನು ತಿರುಗಿ ನೋಡಿಕೊಂಡರು.

ಮೂರನೆಯ ಸುತ್ತು. “ಈಗ ಕೊನೆಯ ಮೂವರು ಕೆಂಕೆರೆಯ ಕಡೆಯವರಲ್ಲ. ಬಹಳ ಉತ್ತರದ ಒಂದು ದೇಶದಲ್ಲಿದ್ದೀರಿ. ನಿಮ್ಮ ಬಲಕ್ಕೆ ಬಿಸಿ ಗಾಳಿ, ಎಡಕ್ಕೆ ತಂಪು ಗಾಳಿ” ಎಂದು ನೆಲದ ಮೇಲೆ ಕೆಂಪು, ನೀಲಿ ಗೆರೆ ಎಳೆದೆ. ಹೊಸ ನಿಯಮ: ಗೆರೆಯ ಮೇಲೆ ಕೂತವರು ಮೊದಲಿನಂತೆ ಕುಳಿಯನ್ನು ಅರ್ಧ ಮಾಡಿ, ಆಮೇಲೆ 3 ಕೂಡಿಸಬೇಕು. ಐದನೆಯವನಿಂದ 1 ಬಂತು. ಆರನೆಯವಳಲ್ಲಿ 3, ಏಳನೆಯವನಲ್ಲಿ 4, ಎಂಟನೆಯವನಲ್ಲಿ 5. ಭೂಮಿಯ ಮೇಲೆಯೇ ಕುಳಿ ಆಳವಾಗುತ್ತಾ ಹೋಯಿತು. “ಸಮುದ್ರಾನೇ ಇಲ್ಲ, ಹೆಂಗೆ ಹೆಚ್ಚಾಯ್ತು?” “ಊಟ ಬದಲಾಯಿಸ್ತು ಕಣೋ!” ಎಂದು ಅವರವರೇ ಮಾತಾಡಿಕೊಂಡರು. ಸ್ಯಾಂಡಿಯ ಕಥೆಯನ್ನು ಇಲ್ಲಿ ಹೇಳಿದೆ. ಅದು ಸಮುದ್ರದ ಕಡೆ ಹೋಗದೆ ಎಡಕ್ಕೆ ತಿರುಗಿ ದಡಕ್ಕೆ ಬರುತ್ತದೆ ಎಂದು ಯುರೋಪಿನ ಮಾದರಿ ಸುಮಾರು ಒಂದು ವಾರ ಮೊದಲೇ ತೋರಿಸಿತ್ತು ಎಂಬುದನ್ನೂ ಹೇಳಿದೆ.

ಇದು ನಮ್ಮ ದೇಶದಲ್ಲಿ ಆಗುವುದೇ ಎಂದು ಕೇಳಿದರು. ನಮ್ಮ ಚಂಡಮಾರುತಗಳು ಭೂಮಧ್ಯರೇಖೆಗೆ ಹತ್ತಿರದಲ್ಲಿ ಹುಟ್ಟಿ ಬೇಗ ಭೂಮಿ ಸೇರುತ್ತವೆ, ಉತ್ತರಕ್ಕೆ ಹಿಮಾಲಯವಿದೆ. ಆದ್ದರಿಂದ ಪೂರ್ಣ ರೂಪಾಂತರಕ್ಕೆ ಇಲ್ಲಿ ಅವಕಾಶ ಬಹಳ ಕಡಿಮೆ. ಆದರೆ ಹತ್ತಿರದ ಉದಾಹರಣೆ ಇದೆ. 2021ರ ಮೇ ತಿಂಗಳ ತೌಕ್ತೆ ಲಕ್ಷದ್ವೀಪದ ಬಳಿ ಹುಟ್ಟಿ, ನಮ್ಮ ಕರಾವಳಿಯನ್ನು ಬಡಿದು, 17ರ ರಾತ್ರಿ ಗುಜರಾತಿನ ದಡ ಸೇರಿತು. ಬಲ ಕಳೆದುಕೊಂಡ ಅದರ ಉಳಿಕೆ ಉತ್ತರಕ್ಕೆ ಸಾಗಿದಾಗ, ಮೆಡಿಟರೇನಿಯನ್ ಕಡೆಯಿಂದ ಬರುವ ‘ಪಶ್ಚಿಮದ ಕ್ಷೋಭೆ’ಯ ಜೊತೆ ಸೇರಿತು. ಮೇ 20ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ದೆಹಲಿಯಲ್ಲಿ 119.3 ಮಿಲಿಮೀಟರ್ ಮಳೆಯಾಗಿ ಮೇ ತಿಂಗಳ ಹಳೆಯ ದಾಖಲೆ ಮುರಿಯಿತು. ತೌಕ್ತೆ ಎಂದರೆ ಮ್ಯಾನ್ಮಾರ್ ಭಾಷೆಯಲ್ಲಿ ಒಂದು ಜಾತಿಯ ಹಲ್ಲಿ ಎಂದಾಗ ಒಬ್ಬ ಹುಡುಗ, “ಬಾಲ ಬಿಟ್ಟು ಹೋಯ್ತು ಬಿಡಿ ಮಿಸ್, ಆ ಬಾಲ ದೆಹಲೀಲಿ ಒದ್ದಾಡ್ತು” ಎಂದ. ತರಗತಿಯೆಲ್ಲ ನಕ್ಕಿತು.

ಕೊನೆಗೆ, ರಾಬರ್ಟ್ ಹಾರ್ಟ್ ಎಂಬ ವಿಜ್ಞಾನಿ 2003ರಲ್ಲಿ ರೂಪಾಂತರವನ್ನು ಗುರುತಿಸಲು ಕೊಟ್ಟ ಅಳತೆಗಳನ್ನು ಮೂರು ಸರಳ ಪ್ರಶ್ನೆಗಳಾಗಿ ಬರೆಸಿದೆ. ಎರಡೂ ಪಕ್ಕ ಸಮನಾಗಿದೆಯೇ, ವಾಲಿದೆಯೇ? ಕೆಳಮಟ್ಟದಲ್ಲಿ ಒಳಭಾಗ ಬೆಚ್ಚಗೋ ತಂಪೋ? ಮೇಲ್ಮಟ್ಟದಲ್ಲಿ? ಮಾದರಿಯ ಲೆಕ್ಕದಲ್ಲಿ ಈ ಮೂರು ಉತ್ತರಗಳು ದಿನದಿಂದ ದಿನಕ್ಕೆ ಬದಲಾಗುವುದನ್ನು ನೋಡಿ ಚಂಡಮಾರುತ ಗೆರೆ ದಾಟುತ್ತಿದೆ ಎಂದು ಹೇಳುತ್ತಾರೆ.

ಮೌಲ್ಯಮಾಪನ

ಮನೆಗೆ ಒಂದೇ ಪ್ರಶ್ನೆ ಕೊಟ್ಟೆ: “‘ಚಂಡಮಾರುತ ದುರ್ಬಲಗೊಂಡಿದೆ’ ಎಂಬ ಸುದ್ದಿ ಬಂದಿದೆ. ಮನೆಯವರಿಗೆ ಇನ್ನೂ ಯಾವ ಎರಡು ವಿಷಯ ಕೇಳಿ ತಿಳಿದುಕೊಳ್ಳಲು ಹೇಳುತ್ತೀರಿ?” ಹೆಚ್ಚಿನವರು ಮಳೆ ಎಷ್ಟು, ಯಾವ ಕಡೆ ಸಾಗುತ್ತಿದೆ ಎಂದು ಬರೆದಿದ್ದರು. ಕೆಲವರು ನಿಂತಿದೆಯೋ ಓಡುತ್ತಿದೆಯೋ ಎಂದು ಸೇರಿಸಿದ್ದರು. ಸಾಲಿಗೆ ಒಬ್ಬಿಬ್ಬರು ಫೆಂಗಲ್ ಕೂಡ ‘ಊಟ ಬದಲಾಯಿಸಿ’ ನಮ್ಮೂರಿಗೆ ಬಂತು ಎಂದು ಬರೆದಿದ್ದರು. ಇದು ನನ್ನ ಪಾಠದ ದೋಷ. ಫೆಂಗಲ್ ರೂಪಾಂತರ ಹೊಂದಲಿಲ್ಲ, ಭೂಮಿಯ ಮೇಲೆ ಕ್ಷೀಣಿಸುತ್ತಾ ತನ್ನ ನೀರನ್ನು ಸುರಿಯಿತು ಅಷ್ಟೆ. ಮೂರೂ ಸುತ್ತನ್ನು ಒಂದೇ ಅವಧಿಯಲ್ಲಿ ಮುಗಿಸಿದ್ದರಿಂದ ಒಂದನೆಯದೂ ಮೂರನೆಯದೂ ಕಲಸಿಹೋದವು. ಮರುದಿನ ಹತ್ತು ನಿಮಿಷ ತೆಗೆದುಕೊಂಡು ಫೆಂಗಲ್, ತೌಕ್ತೆ, ಸ್ಯಾಂಡಿ ಎಂದು ಮೂರು ಕಾಲಂ ಮಾಡಿ, ಪ್ರತಿಯೊಂದರ ಕೊನೆಯ ಗತಿಯನ್ನು ಮಕ್ಕಳಿಂದಲೇ ತುಂಬಿಸಿದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಇದನ್ನು ಬೋಧಿಸುವವರು ಎರಡು ಅವಧಿ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಒಂದು, ಎರಡನೆಯ ಸುತ್ತು. ಮೂರನೆಯ ಸುತ್ತಿಗೆ ಇನ್ನೊಂದು ದಿನ. ಚೀಟಿಯ ಆಟ ಎಷ್ಟು ಸರಳ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ನಿಜವಾದ ಮಾದರಿಯಲ್ಲಿ ಚೌಕಗಳು ನಾಲ್ಕು ದಿಕ್ಕಿಗೂ, ಮೇಲಕ್ಕೂ ಇರುತ್ತವೆ. ಚೌಕದ ಅಗಲ 12 ಕಿ.ಮೀ. ಎಂದರೆ ಹುಳಿಯಾರೂ ಕೆಂಕೆರೆಯೂ ಒಂದೇ ಚೌಕದಲ್ಲಿ ಕೂರಬಹುದು. ಭಾರತದಲ್ಲಿ 2025ರ ಮೇ ತಿಂಗಳಿಂದ 6 ಕಿ.ಮೀ. ಚೌಕದ ಮಾದರಿ ಬಳಕೆಗೆ ಬಂದಿದೆ. ರೂಪಾಂತರದ ಲೆಕ್ಕ ಕಷ್ಟವಾಗುವುದೂ ಇದೇ ಕಾರಣಕ್ಕೆ. ಚಂಡಮಾರುತದ ಸಣ್ಣ ಒಳಭಾಗಕ್ಕೆ ಸಣ್ಣ ಚೌಕ ಬೇಕು, ಅದನ್ನು ಸೇರಿಕೊಳ್ಳುವ ತಂಪು ಗಾಳಿಯ ಅಲೆ ಸಾವಿರಾರು ಕಿಲೋಮೀಟರ್ ಉದ್ದದ್ದು. ಎರಡೂ ಸಂಧಿಸುವ ಹೊತ್ತು ಅರ್ಧ ದಿನ ಆಚೀಚೆಯಾದರೂ ಫಲಿತಾಂಶ ಬೇರೆಯಾಗುತ್ತದೆ.

ವ್ಯತ್ಯಾಸಗಳ ಪಟ್ಟಿ ಪರೀಕ್ಷೆಗೆ ಬೇಕು, ನಾನು ಈಗಲೂ ಬರೆಸುತ್ತೇನೆ. ಆದರೆ ‘ಭೂಮಿಗೆ ಬಂದರೆ ನಾಶ’ ಎಂಬ ಸಾಲನ್ನು ಬದಲಾಯಿಸಿದ್ದೇನೆ. ಈಗ ಅಲ್ಲಿ ‘ಭೂಮಿಗೆ ಬಂದರೆ ಗಾಳಿ ತಗ್ಗುತ್ತದೆ, ಮಳೆ ಮುಂದುವರಿಯಬಹುದು’ ಎಂದಿದೆ. ಬೋಧನಾಭ್ಯಾಸದ ಕೊನೆಯ ದಿನ ಆ ಹುಡುಗಿಯನ್ನು ರಾಗಿ ಏನಾಯಿತೆಂದು ಕೇಳಿದೆ. ಮೇಲಿನ ತೆನೆಗಳು ಒಣಗಿ ಉಳಿದವಂತೆ, ಅಡಿಯದು ಮೊಳಕೆ ಬಂದು ದನಕ್ಕೆ ಹೋಯಿತಂತೆ. “ಮುಂದಿನ ಸಲ ಸುದ್ದಿ ಬಂದಾಗ ನಾನೇ ಕೇಳಿಸ್ಕೊಂಡು ನಮ್ಮಪ್ಪಂಗೆ ಹೇಳ್ತೀನಿ ಮಿಸ್” ಎಂದಳು.